ಪಾತ್ರೆ ಬಡಿದು ಸಂವಿಧಾನ ಕೇಳಿದವರು

ಕಳೆದ ತಿಂಗಳು ಒಂದು ಬ್ಯಾಂಕಿಗೆ ಹೋಗಿದ್ದೆ. ಅರ್ಜಿಯಲ್ಲಿ ‘ಉದ್ಯೋಗ’ ಎಂದು ಒಂದು ಖಾಲಿ ಜಾಗ. ‘ಗೃಹಿಣಿ’ ಅಂತ ಬರೆದೆ. ಕೌಂಟರಿನಲ್ಲಿದ್ದ ಹುಡುಗ ಅದನ್ನು ನೋಡಿ, “ಅಂದ್ರೆ ಏನೂ ಕೆಲಸ ಮಾಡಲ್ಲ, ಅಲ್ವಾ ಮೇಡಂ?” ಎಂದ. ಒಳ್ಳೆಯ ಹುಡುಗನೇ, ನಗುನಗುತ್ತಲೇ ಕೇಳಿದ. ನಾನು ಬೆಳಿಗ್ಗೆ ಐದಕ್ಕೆ ಎದ್ದು, ನೀರು ಹಿಡಿದು, ಮೂರು ಡಬ್ಬಿ ಕಟ್ಟಿ, ಅತ್ತೆಯವರಿಗೆ ಸ್ನಾನ ಮಾಡಿಸಿ, ಬಟ್ಟೆ ಒಣಹಾಕಿ ಹನ್ನೊಂದು ಗಂಟೆಗೆ ಅವನ ಮುಂದೆ ನಿಂತಿದ್ದೆ. “ಹೌದಪ್ಪಾ, ಏನೂ ಇಲ್ಲ” ಎಂದು ಹೇಳಿ ಬಂದುಬಿಟ್ಟೆ.

ಅದೇ ಸಂಜೆ ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಬಿ.ಎ. ಓದುತ್ತಿರುವ ಮಗಳು ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ರಾಜ್ಯಶಾಸ್ತ್ರದ ಪರೀಕ್ಷೆಗೆ ಓದಿಕೊಳ್ಳುತ್ತಿದ್ದಳು. “ಅಮ್ಮಾ, ಇಲ್ಲಿ ಕೇಳು. ಮನೆಗೆಲಸವೂ, ಮಕ್ಕಳನ್ನು ಮುದುಕರನ್ನು ನೋಡಿಕೊಳ್ಳೋದೂ ಸಮಾಜಕ್ಕೆ ಅತ್ಯಗತ್ಯವಾದ ಕೆಲಸ, ಅದನ್ನು ದೇಶದ ಆದಾಯದ ಲೆಕ್ಕದಲ್ಲಿ ಹಿಡಿಯಬೇಕು ಅಂತ ಒಂದು ದೇಶದ ಸಂವಿಧಾನದಲ್ಲೇ ಬರೆದಿದ್ದರಂತೆ!” ಎಂದಳು. ಸೌಟು ಕೈಯಲ್ಲೇ ಉಳಿಯಿತು. ಯಾವ ದೇಶವೇ ಅದು ಎಂದೆ. “ಚಿಲಿ. ಆದರೆ ಜನ ಅದನ್ನು ಬೇಡ ಅಂದುಬಿಟ್ಟರು” ಎಂದಳು.

ಬೇಡ ಅಂದರೆ? ಹೆಂಗಸರೂ ಬೇಡ ಅಂದರೆ? ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ನಾನು ಓದಿದ್ದು ಎಸ್ಸೆಸ್ಸೆಲ್ಸಿಯವರೆಗೆ. ಆದರೂ ಮಗಳಿಂದ ಓದಿಸಿಕೊಂಡು, ತಿಳಿಯದ್ದನ್ನು ಕೇಳಿ ಕೇಳಿ, ಕೆಲವು ವಾರ ಈ ಒಂದೇ ಕತೆಯ ಹಿಂದೆ ಬಿದ್ದೆ. ಆ ಕತೆಯೇ ಈ ಲೇಖನ.

ಚಿಲಿ ದಕ್ಷಿಣ ಅಮೆರಿಕದ ಪಶ್ಚಿಮದ ಅಂಚಿನಲ್ಲಿ ಹುಣಸೆಕಾಯಿಯ ಹಾಗೆ ಉದ್ದಕ್ಕೆ ತೂಗುಬಿದ್ದಿರುವ ದೇಶ. ಉದ್ದ ನಾಲ್ಕು ಸಾವಿರ ಕಿಲೋಮೀಟರಿಗೂ ಹೆಚ್ಚು, ಅಗಲ ಸರಾಸರಿ ಇನ್ನೂರೂ ಇಲ್ಲ. ಜನ ಎರಡು ಕೋಟಿಗೂ ಕಡಿಮೆ. ನೊಬೆಲ್ ಬಹುಮಾನ ಪಡೆದ ಪಾಬ್ಲೊ ನೆರೂಡಾ ಅಲ್ಲಿಯವರು. ಅವರಿಗಿಂತ ಎಷ್ಟೋ ಮೊದಲು, 1945ರಲ್ಲಿಯೇ, ಆ ಬಹುಮಾನ ಪಡೆದ ಗೇಬ್ರಿಯೆಲಾ ಮಿಸ್ತ್ರಾಲ್ ಎಂಬ ಶಾಲಾ ಶಿಕ್ಷಕಿಯೂ ಅಲ್ಲಿಯವರೇ.

ಮೂರು ರೂಪಾಯಿಯ ಜಗಳ

2019ರ ಅಕ್ಟೋಬರ್ ತಿಂಗಳು. ರಾಜಧಾನಿ ಸ್ಯಾಂಟಿಯಾಗೊದ ಮೆಟ್ರೊ ರೈಲಿನ ದರವನ್ನು ಜನ ಹೆಚ್ಚು ಓಡಾಡುವ ಹೊತ್ತಿಗೆ 800 ಪೆಸೊದಿಂದ 830 ಪೆಸೊಗೆ ಏರಿಸಿದರು. ಏರಿದ್ದು ಮೂವತ್ತು ಪೆಸೊ, ಆಗಿನ ಲೆಕ್ಕದಲ್ಲಿ ನಮ್ಮ ಮೂರು ರೂಪಾಯಿ. ಇಷ್ಟಕ್ಕೇ ಒಂದು ದೇಶ ಹೊತ್ತಿ ಉರಿಯಿತೇ ಎಂದು ನಮ್ಮವರು ನಕ್ಕರು. ನಾನು ನಗಲಿಲ್ಲ, ಲೆಕ್ಕ ಹಾಕಿದೆ. ದಿನಕ್ಕೆ ಎರಡು ಸಲದಂತೆ ತಿಂಗಳಿಗೆ 25 ದಿನ ಓಡಾಡಿದರೆ 41,500 ಪೆಸೊ. ಆಗ ಅಲ್ಲಿಯ ಕನಿಷ್ಠ ತಿಂಗಳ ಕೂಲಿ 3,01,000 ಪೆಸೊ. ಅಂದರೆ ಸಂಬಳದ ಏಳನೇ ಒಂದು ಪಾಲು ಬರೀ ಕೆಲಸಕ್ಕೆ ಹೋಗಿ ಬರುವುದಕ್ಕೇ! ಮನೆಯಲ್ಲಿ ದುಡಿಯುವವರು ಇಬ್ಬರಿದ್ದರೆ, ಕಾಲೇಜಿಗೆ ಹೋಗುವ ಮಕ್ಕಳಿದ್ದರೆ? ತಿಂಗಳ ಕೊನೆಯ ವಾರದ ಸಂಸಾರ ನಡೆಸಿದವರಿಗೆ ಮೂರು ರೂಪಾಯಿಯ ತೂಕ ಗೊತ್ತು.

ಆಗಿನ ಮಂತ್ರಿಗಳು ಬಾಯಿ ಮುಚ್ಚಿಕೊಂಡಿದ್ದರೂ ಆಗುತ್ತಿತ್ತೇನೋ. ಅರ್ಥ ವ್ಯವಹಾರದ ಮಂತ್ರಿಯೊಬ್ಬರು, ಬೇಗ ಎದ್ದು ಏಳು ಗಂಟೆಯ ರೈಲು ಹಿಡಿದರೆ ಕಡಿಮೆ ದರದಲ್ಲಿ ಹೋಗಬಹುದಲ್ಲ ಎಂದರು. ಬೆಲೆಯೇರಿಕೆಯ ಲೆಕ್ಕ ಕೊಡುತ್ತಾ ಹಣಕಾಸಿನ ಮಂತ್ರಿಗಳು, ಹೂವಿನ ಬೆಲೆ ಇಳಿದಿದೆ, ಪ್ರೇಮಿಗಳು ಕೊಳ್ಳಬಹುದು ಎಂದು ಹಾಸ್ಯ ಮಾಡಿದರು. ಬೇಳೆ ಬೆಲೆ ಕೇಳಿದವಳಿಗೆ ಮಲ್ಲಿಗೆ ಬೆಲೆ ಹೇಳಿದ ಹಾಗೆ! ಇಬ್ಬರೂ ಅದೇ ತಿಂಗಳ ಕೊನೆಯಲ್ಲಿ ಕುರ್ಚಿ ಬಿಡಬೇಕಾಯಿತು.

ಮೊದಲು ಗೇಟು ಹಾರಿದವರು ಶಾಲೆಯ ಹುಡುಗ ಹುಡುಗಿಯರು. ಟಿಕೆಟ್ ಇಲ್ಲದೆ ಗುಂಪು ಗುಂಪಾಗಿ ನುಗ್ಗಿದರು. ಅಕ್ಟೋಬರ್ 18ರ ರಾತ್ರಿ ಎಷ್ಟೋ ನಿಲ್ದಾಣಗಳಿಗೆ ಬೆಂಕಿ ಬಿತ್ತು. ಅಧ್ಯಕ್ಷ ಸೆಬಾಸ್ಟಿಯನ್ ಪಿನ್ಯೇರಾ ತುರ್ತುಸ್ಥಿತಿ ಘೋಷಿಸಿ ಬೀದಿಗೆ ಸೈನ್ಯ ಇಳಿಸಿದರು. ಕರ್ಫ್ಯೂ ಬಂತು. ಹೊರಗೆ ಬರಬೇಡಿ ಎಂದರೆ ಹೆಂಗಸರು ಏನು ಮಾಡಿದರು ಗೊತ್ತೇ? ಕಿಟಕಿಯಲ್ಲಿ, ಬಾಲ್ಕನಿಯಲ್ಲಿ ನಿಂತು ಪಾತ್ರೆ ಬಡಿದರು. ಬಾಣಲೆ, ತಪ್ಪಲೆ, ಮುಚ್ಚಳ, ಸೌಟು. ಊರಿಗೆ ಊರೇ ಠಣಠಣ ಎಂದಿತು.

ಈ ಪಾತ್ರೆ ಬಡಿಯುವುದು ಅಲ್ಲಿ ಹೊಸದಲ್ಲ. 1971ರ ಡಿಸೆಂಬರಿನಲ್ಲಿ ಸಮಾಜವಾದಿ ಅಧ್ಯಕ್ಷ ಸಾಲ್ವಡಾರ್ ಅಯೆಂದೆಯವರ ವಿರುದ್ಧ, ಸಾಮಾನು ಸಿಗುತ್ತಿಲ್ಲವೆಂದು, ಅನುಕೂಲಸ್ಥರ ಮನೆಯ ಹೆಂಗಸರು ಖಾಲಿ ಪಾತ್ರೆ ಹಿಡಿದು ಮೆರವಣಿಗೆ ಮಾಡಿದ್ದರು. 1983ರಲ್ಲಿ ಅದೇ ಪಾತ್ರೆ ಸೈನ್ಯದ ಸರ್ವಾಧಿಕಾರಿ ಪಿನೊಷೆಯ ವಿರುದ್ಧ ಬಡವರ ಬಡಾವಣೆಗಳಲ್ಲಿ ಸದ್ದು ಮಾಡಿತು. ಪಾತ್ರೆಗೆ ಎಡ ಬಲ ಇಲ್ಲ, ಒಳಗೆ ಏನೂ ಇಲ್ಲದಿದ್ದಾಗ ಅದು ಯಾರ ಮೇಲಾದರೂ ಸದ್ದು ಮಾಡುತ್ತದೆ. ಇದನ್ನು ಆ ದೇಶದ ಎರಡೂ ಕಡೆಯವರು ಆಮೇಲೆ ಮರೆತರು ಎಂದು ನನ್ನ ಅನಿಸಿಕೆ.

ದರ ಏರಿಕೆ ಮರುದಿನವೇ ವಾಪಸ್ಸಾಯಿತು. ಜನ ವಾಪಸ್ಸಾಗಲಿಲ್ಲ. ಮೂವತ್ತು ಪೆಸೊದ ಮಾತಲ್ಲ, ಮೂವತ್ತು ವರ್ಷದ ಮಾತು ಎಂಬುದು ಬೀದಿಯ ಘೋಷಣೆಯಾಯಿತು. ಅಕ್ಟೋಬರ್ 25ರಂದು ಸ್ಯಾಂಟಿಯಾಗೊ ಒಂದರಲ್ಲೇ ಸುಮಾರು 12 ಲಕ್ಷ ಜನ ಸೇರಿದರು. ಇದಕ್ಕೆ ಸ್ವಲ್ಪ ಮುಂಚೆ ಅಧ್ಯಕ್ಷರ ಹೆಂಡತಿ ಗೆಳತಿಗೆ ಕಳಿಸಿದ ಧ್ವನಿ ಸಂದೇಶವೊಂದು ಹೇಗೋ ಹೊರಬಿದ್ದು ಎಲ್ಲರ ಫೋನಿಗೂ ಹೋಯಿತು. ಇದು ಬೇರೆ ಲೋಕದವರು ದಾಳಿ ಮಾಡಿದ ಹಾಗಿದೆ, ಇನ್ನು ನಮ್ಮ ಸವಲತ್ತುಗಳನ್ನು ಕಡಿಮೆ ಮಾಡಿಕೊಂಡು ಬೇರೆಯವರ ಜೊತೆ ಹಂಚಿಕೊಳ್ಳಬೇಕಾಗುತ್ತದೆ ಎಂಬ ಅರ್ಥದ ಮಾತು ಅದರಲ್ಲಿತ್ತು. ಆಡಿಕೊಂಡವರು ಬಹಳ. ನನಗೇನೋ ಆಕೆಯ ಎರಡನೆಯ ಮಾತು ನಿಜದ ಹತ್ತಿರ ಬಂದಿತ್ತು ಅನ್ನಿಸಿತು.

ಬೆಲೆಯನ್ನೂ ಹೇಳಬೇಕಲ್ಲ. ಆ ಗಲಭೆಯಲ್ಲಿ ಸುಮಾರು 30 ಜನ ಸತ್ತರು. ಪೊಲೀಸರ ಗುಂಡು, ಅಶ್ರುವಾಯು ಡಬ್ಬಿಗಳಿಂದ 400ಕ್ಕೂ ಹೆಚ್ಚು ಜನರ ಕಣ್ಣಿಗೆ ಪೆಟ್ಟಾಯಿತು ಎಂದು ಅಲ್ಲಿನ ಮಾನವ ಹಕ್ಕುಗಳ ಸಂಸ್ಥೆಯೇ ಲೆಕ್ಕ ಕೊಟ್ಟಿತು. ಅವರಲ್ಲಿ ಒಬ್ಬಾಕೆ ಫಾಬಿಯೋಲಾ ಕಂಪಿಯಾಯ್. ಮೂರು ಮಕ್ಕಳ ತಾಯಿ, ಕಾರ್ಖಾನೆಯ ಕೆಲಸಗಾರ್ತಿ. 2019ರ ನವೆಂಬರ್ 26ರ ರಾತ್ರಿ ಪಾಳಿಗೆ ಹೊರಟು ಬಸ್ಸಿಗೆ ಕಾಯುತ್ತಿದ್ದಾಗ ಅಶ್ರುವಾಯುವಿನ ಡಬ್ಬಿ ಮುಖಕ್ಕೆ ಬಡಿಯಿತು. ಎರಡೂ ಕಣ್ಣು ಹೋದವು, ವಾಸನೆ ರುಚಿಯೂ ಹೋದವು. ಅಡುಗೆ ಮಾಡುವವಳಿಗೆ ವಾಸನೆ ರುಚಿ ಹೋಗುವುದೆಂದರೆ ಏನೆಂದು ನಾನು ಹೇಳಬೇಕಿಲ್ಲ. ಆಕೆಯ ಮಾತು ಮುಂದೆ ಮತ್ತೆ ಬರುತ್ತದೆ.

ಸಂವಿಧಾನ ಯಾಕೆ?

ಇಲ್ಲಿ ನಾನು ಮಗಳನ್ನು ತಡೆದೆ. ಬಸ್ ದರಕ್ಕೆ, ಪಿಂಚಣಿಗೆ, ನೀರಿಗೆ ಜಗಳ ಸರಿ, ಸಂವಿಧಾನವನ್ನೇ ಬದಲಾಯಿಸಿ ಅಂತ ಯಾಕೆ ಕೇಳಿದರು? ಸರ್ಕಾರ ಬದಲಾಯಿಸಿದರೆ ಸಾಲದೆ?

ವಿಷಯ ಹೀಗಿದೆ. 1973ರ ಸೆಪ್ಟೆಂಬರ್ 11ರಂದು ಸೈನ್ಯ ಅಯೆಂದೆ ಸರ್ಕಾರವನ್ನು ಉರುಳಿಸಿತು. ಜನರಲ್ ಪಿನೊಷೆ 1990ರವರೆಗೆ ಆಳಿದರು. ಈಗಿರುವ ಸಂವಿಧಾನ ಅವರ ಕಾಲದ್ದು, 1980ರದು. ಅದಕ್ಕೂ ಜನರ ಮತ ತೆಗೆದುಕೊಂಡರು, ಆದರೆ ಮತದಾರರ ಪಟ್ಟಿಯೇ ಇಲ್ಲದ ಮತದಾನ! ಅದರಲ್ಲಿ ಮನೆಯ ಖರ್ಚಿಗೆ ಸಂಬಂಧಪಟ್ಟ ಎಷ್ಟೋ ವಿಷಯಗಳನ್ನು ಬೀಗ ಹಾಕಿ ಇಟ್ಟಿದ್ದರು. ಮುಖ್ಯವಾದ ಕೆಲವು ಕಾಯ್ದೆಗಳನ್ನು ಬದಲಾಯಿಸಲು ಆಗ ಸದಸ್ಯರ ಏಳರಲ್ಲಿ ನಾಲ್ಕು ಪಾಲು ಬೆಂಬಲ ಬೇಕಿತ್ತು, ಸಂವಿಧಾನ ತಿದ್ದಲು ಅದಕ್ಕೂ ಹೆಚ್ಚು ಬೇಕಿತ್ತು. ಸಂಸತ್ತು ಕಷ್ಟಪಟ್ಟು ಪಾಸು ಮಾಡಿದರೂ ಸಂವಿಧಾನದ ನ್ಯಾಯಮಂಡಳಿ ತೆಗೆದುಹಾಕಬಹುದು. 2018ರಲ್ಲಿ ಗ್ರಾಹಕರ ರಕ್ಷಣೆಯ ಇಲಾಖೆಗೆ ದಂಡ ಹಾಕುವ ಬಲ ಕೊಡುವ ಕಾನೂನಿನ ಹಲ್ಲನ್ನು ಆ ಮಂಡಳಿ ಹಾಗೇ ಕಿತ್ತಿತ್ತು. ಎಷ್ಟೋ ತಿದ್ದುಪಡಿಗಳಾಗಿವೆ, 2005ರಲ್ಲಿ ಪಿನೊಷೆಯ ಸಹಿಯನ್ನೂ ತೆಗೆದರು. ಆದರೆ ಬೀಗಗಳು ಉಳಿದವು.

ನೀರನ್ನೇ ನೋಡಿ. ಆ ಸಂವಿಧಾನದ ಪ್ರಕಾರ ನೀರಿನ ಹಕ್ಕು ಅದನ್ನು ಪಡೆದವರ ಸ್ವಂತ ಆಸ್ತಿ. 1981ರ ಜಲ ಕಾಯ್ದೆ ಬಂದ ಮೇಲೆ ಸರ್ಕಾರ ಈ ಹಕ್ಕನ್ನು ಪುಕ್ಕಟೆಯಾಗಿ, ಕಾಲಮಿತಿಯಿಲ್ಲದೆ ಹಂಚಿತು. ಪಡೆದವರು ಮಾರಬಹುದು, ಬಾಡಿಗೆಗೆ ಕೊಡಬಹುದು. ಸ್ಯಾಂಟಿಯಾಗೊದ ಉತ್ತರಕ್ಕೆ ಪೆಟೋರ್ಕಾ ಎಂಬ ಕಣಿವೆ ಇದೆ. ಗುಡ್ಡದ ಮೇಲೆ ಹಸಿರು ಹಸಿರಾದ ಬೆಣ್ಣೆಹಣ್ಣಿನ ತೋಟಗಳು, ಹಣ್ಣು ಬಹುಪಾಲು ಪರದೇಶಕ್ಕೆ. ಕೆಳಗೆ ನದಿ ಬತ್ತಿ ಕಲ್ಲು ಕಾಣುತ್ತದೆ. ಬರದ ವರ್ಷಗಳಲ್ಲಿ ಅಲ್ಲಿಯ ಹಳ್ಳಿಯವರು ಒಬ್ಬರಿಗೆ ದಿನಕ್ಕೆ 50 ಲೀಟರಿನಂತೆ ಟ್ಯಾಂಕರ್ ನೀರಿನಲ್ಲಿ ಬದುಕಿದರು. ಮೂರು ಕೊಡ ಚಿಲ್ಲರೆ! ಅದರಲ್ಲೇ ಅಡುಗೆ, ಸ್ನಾನ, ಬಟ್ಟೆ, ಪಾತ್ರೆ ಎಲ್ಲ. ನಲ್ಲಿ ಬಾರದ ದಿನ ಕೊಡ ಎಣಿಸಿದ ಯಾವ ಹೆಂಗಸಿಗೂ ಇದು ರಾಜಕೀಯ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಪಿಂಚಣಿ. ಸಂಬಳದಲ್ಲಿ ನೂರಕ್ಕೆ ಹತ್ತು ಹಿಡಿದು ಎ.ಎಫ್.ಪಿ. ಎನ್ನುವ ಖಾಸಗಿ ಕಂಪನಿಗಳಲ್ಲಿ ಪ್ರತಿಯೊಬ್ಬರ ಹೆಸರಿನ ಖಾತೆಗೆ ಹಾಕುತ್ತಾರೆ. ಆಗ ಎಷ್ಟು ಕೂಡಿತೋ ಮುಖ್ಯವಾಗಿ ಅದರಿಂದಲೇ ಮುಪ್ಪಿನಲ್ಲಿ ಪಿಂಚಣಿ ಬರುತ್ತಿತ್ತು. ಹೆರಿಗೆ, ಮಕ್ಕಳು, ಹಾಸಿಗೆ ಹಿಡಿದ ಅತ್ತೆ ಮಾವ ಎಂದು ನಡುನಡುವೆ ಕೆಲಸ ಬಿಟ್ಟವಳ ಖಾತೆಯಲ್ಲಿ ಎಷ್ಟಿರುತ್ತದೆ? ಅದರ ಮೇಲೆ ಹೆಂಗಸರು 60ಕ್ಕೇ ನಿವೃತ್ತಿ, ಗಂಡಸರು 65ಕ್ಕೆ. ಹೆಂಗಸರ ಆಯಸ್ಸು ಹೆಚ್ಚು ಎಂಬ ಲೆಕ್ಕದಿಂದ ಅಷ್ಟೇ ದುಡ್ಡಿಗೆ ಅವರಿಗೆ ತಿಂಗಳ ಪಿಂಚಣಿ ಆಗ ಇನ್ನೂ ಕಡಿಮೆಯಿತ್ತು. ಇನ್ನೊಂದು ಸ್ವಾರಸ್ಯ, ಈ ಪದ್ಧತಿಯನ್ನು ತಂದ ಸೈನಿಕರು ತಮ್ಮ ಪಿಂಚಣಿಯನ್ನು ಮಾತ್ರ ಇದಕ್ಕೆ ಸೇರಿಸದೆ ಹಳೆಯ ರೀತಿಯಲ್ಲೇ ಇಟ್ಟುಕೊಂಡರು.

ಹೀಗೆ ನೀರು, ಪಿಂಚಣಿ, ಶಾಲೆಯ ಫೀಸು, ಆಸ್ಪತ್ರೆಯ ಸಾಲು, ಯಾವ ದಾರ ಎಳೆದರೂ ಕೊನೆಗೆ ಅದೇ ಗಂಟಿಗೆ ಬರುತ್ತಿತ್ತು. 2019ರ ನವೆಂಬರ್ 15ರ ನಸುಕಿನಲ್ಲಿ, ರಾತ್ರಿಯೆಲ್ಲ ಕೂತು ಮಾತಾಡಿದ ರಾಜಕೀಯ ಪಕ್ಷಗಳು ಒಂದು ಒಪ್ಪಂದಕ್ಕೆ ಬಂದವು. ಹೊಸ ಸಂವಿಧಾನ ಬೇಕೋ ಬೇಡವೋ ಎಂದು ಜನರನ್ನೇ ಕೇಳೋಣ.

ಕೊರೋನಾದಿಂದ ತಡವಾಗಿ, ದೊಡ್ಡ ಮೆರವಣಿಗೆ ನಡೆದು ಸರಿಯಾಗಿ ಒಂದು ವರ್ಷಕ್ಕೆ, 2020ರ ಅಕ್ಟೋಬರ್ 25ರಂದು ಜನಮತಗಣನೆ ನಡೆಯಿತು. ನೂರಕ್ಕೆ 78 ಮಂದಿ ‘ಬೇಕು’ ಎಂದರು. ಸುಮಾರು 59 ಲಕ್ಷ ಮತ. ಆದರೆ ಓಟು ಹಾಕಲು ಬಂದವರು ಮತದಾರರಲ್ಲಿ ಅರ್ಧದಷ್ಟು ಮಾತ್ರ. ಈ ಅರ್ಧವನ್ನು ನೆನಪಿನಲ್ಲಿಡಿ.

ಅರ್ಧ ಹೆಂಗಸರ ಸಭೆ

ನಮ್ಮ ದೇಶದ ಸಂವಿಧಾನ ರಚನಾ ಸಭೆಯಲ್ಲಿ 15 ಜನ ಹೆಂಗಸರಿದ್ದರು. ಸುಮಾರು ಮುನ್ನೂರರಲ್ಲಿ ಹದಿನೈದು. ಆ ಕಾಲಕ್ಕೆ ಅದೇ ದೊಡ್ಡದು. ಚಿಲಿಯ ಹೆಂಗಸರು ಅರ್ಧ ಕೇಳಿದರು. ಕೇಳಿ, 2020ರ ಮಾರ್ಚ್‌ನಲ್ಲಿ ಕಾನೂನು ಮಾಡಿಸಿಯೂ ಬಿಟ್ಟರು. 2021ರ ಮೇ ತಿಂಗಳಿನಲ್ಲಿ 155 ಜನರ ಸಭೆ ಆಯ್ಕೆಯಾಯಿತು. ಹೆಂಗಸರು 77, ಗಂಡಸರು 78. ಪ್ರಪಂಚದಲ್ಲೇ ಹೀಗೆ ಸರಿಸಮವಾಗಿ ಕೂತು ಸಂವಿಧಾನ ಬರೆಯಲು ಹೊರಟದ್ದು ಅದೇ ಮೊದಲು. ಇಲ್ಲೊಂದು ತಮಾಷೆಯಿದೆ. ಸಮ ಮಾಡುವ ನಿಯಮದಿಂದ, ಹೆಚ್ಚು ಮತ ಪಡೆದಿದ್ದ ಕೆಲವು ಹೆಂಗಸರೇ ಗಂಡಸರಿಗೆ ಜಾಗ ಬಿಟ್ಟುಕೊಡಬೇಕಾಯಿತು! ಹೆಂಗಸರಿಗೆ ಓಟು ಯಾರು ಹಾಕುತ್ತಾರೆ ಅನ್ನುವವರಿಗೆ ಇದನ್ನು ಹೇಳಬೇಕು.

17 ಸ್ಥಾನ ಮೂಲನಿವಾಸಿಗಳಿಗೆ ಮೀಸಲು. ಸಭೆಯ ಮೊದಲ ಅಧ್ಯಕ್ಷೆಯಾಗಿ ಆರಿಸಿದ್ದು ಮಪೂಚೆ ಜನಾಂಗದ ಎಲಿಸಾ ಲೋಂಕೋನ್ ಅವರನ್ನು. ಭಾಷಾಶಾಸ್ತ್ರದ ಅಧ್ಯಾಪಕಿ. 2021ರ ಜುಲೈ 4ರಂದು ತಮ್ಮ ಜನಾಂಗದ ಉಡುಪಿನಲ್ಲೇ ಎದ್ದು ನಿಂತು, ಮೊದಲು ತಮ್ಮ ಭಾಷೆಯಲ್ಲೇ ನಮಸ್ಕಾರ ಹೇಳಿದರು.

ನನಗೆ ಬಹಳ ಇಷ್ಟವಾದವಳು ಜಿಯೊವಾನಾ ಗ್ರಾಂದೋನ್. ಶಾಲೆಯ ಮಕ್ಕಳ ವ್ಯಾನು ಓಡಿಸುತ್ತಿದ್ದವಳು. ಅವಳ ಪುಟ್ಟ ಮಗ ಮನೆಯವರಿಗೆ ತಿಳಿಯದಂತೆ ಫೋನಿನಲ್ಲಿ ಪಿಕಾಚು ಎಂಬ ಹಳದಿ ಬೊಂಬೆಯ ಸಾಮಾನು, ವೇಷಗಳನ್ನು ರಾಶಿ ತರಿಸಿಬಿಟ್ಟಿದ್ದ. ದುಡ್ಡು ಹೋಯಿತಲ್ಲ ಎಂದು ತಲೆ ಚಚ್ಚಿಕೊಳ್ಳುವ ಬದಲು ಅವಳು ಆ ವೇಷ ಹಾಕಿಕೊಂಡು ಮೆರವಣಿಗೆಯಲ್ಲಿ ಕುಣಿದಳು. ಜನ ‘ಪಿಕಾಚು ಅತ್ತೆ’ ಎಂದೇ ಕರೆದು ಸಭೆಗೆ ಆರಿಸಿ ಕಳಿಸಿದರು. ಇಂಥವರೂ ಒಂದು ದೇಶದ ಸಂವಿಧಾನಕ್ಕೆ ಕೈ ಹಾಕಬಹುದು ಎಂದು ಓದಿ ಮೈ ಝುಂ ಎಂದಿತು.

ಆದರೆ ಸಭೆ ಮೊದಲ ದಿನವೇ ಎಡವಿತು. ಮಕ್ಕಳ ವಾದ್ಯಗೋಷ್ಠಿ ರಾಷ್ಟ್ರಗೀತೆ ನುಡಿಸುತ್ತಿದ್ದಾಗ ಕೆಲವು ಸದಸ್ಯರು ಕೂಗಾಡಿ ಅಡ್ಡಿ ಮಾಡಿದರು. ದೂರದರ್ಶನದಲ್ಲಿ ದೇಶವೆಲ್ಲ ನೋಡಿತು. ಎರಡು ತಿಂಗಳಿಗೆ ಇನ್ನೊಂದು ಪೆಟ್ಟು. ಕ್ಯಾನ್ಸರ್ ರೋಗಿಯೆಂದು, ಚಿಕಿತ್ಸೆಗೆ ಸಾಲ ಮಾಡಿದ್ದೇನೆಂದು ಹೇಳಿಕೊಂಡು ಗೆದ್ದುಬಂದಿದ್ದ ರೊಡ್ರಿಗೊ ರೋಹಾಸ್ ವಾದೆ ಎಂಬ ಸದಸ್ಯನಿಗೆ ಕ್ಯಾನ್ಸರೇ ಇರಲಿಲ್ಲ! ಪತ್ರಿಕೆಯವರು ಬಯಲಿಗೆಳೆದಾಗ ತಾನೇ ಒಪ್ಪಿಕೊಂಡ. ಅವನ ತಲೆ ಬೋಳಿಸಿದ ಮುಖವನ್ನು ನೋಡಿ ಕಣ್ಣೀರು ಹಾಕಿ ಓಟು ಕೊಟ್ಟವರು ಇನ್ನು ಯಾರನ್ನು ನಂಬಬೇಕು?

ಇವೆಲ್ಲ ಮೇಲಿನ ಗಾಯ. ಒಳಗಿನ ತಪ್ಪು ಬೇರೆ ಇತ್ತು. ಯಾವ ವಿಧಿಗಾದರೂ ಸಭೆಯ ಮೂರನೇ ಎರಡು ಪಾಲು ಒಪ್ಪಿಗೆ ಬೇಕಿತ್ತು. ಬಲಪಂಥೀಯರಿಗೆ ಸಿಕ್ಕಿದ್ದು 37 ಸ್ಥಾನ, ಮೂರನೇ ಒಂದು ಪಾಲೂ ಇಲ್ಲ. ಹೀಗಾಗಿ ಅವರನ್ನು ಕೇಳದೆಯೂ ಬರೆಯಬಹುದಿತ್ತು, ಬಹುಮಟ್ಟಿಗೆ ಹಾಗೇ ಬರೆದರು. ಅವಿಭಕ್ತ ಕುಟುಂಬದಲ್ಲಿ ಬಾಳಿದವರಿಗೆ ಇದರ ಫಲ ಗೊತ್ತು. ಸಿಡುಕಿನ ಭಾವನವರನ್ನು ಬಿಟ್ಟು ಮದುವೆ ಮಾತುಕತೆ ಮುಗಿಸಿದರೆ, ಅವರು ಛತ್ರದಲ್ಲಿ ಸಿಡಿಯುತ್ತಾರೆ.

ಸಾಸಿವೆ ಡಬ್ಬಿಯ ದುಡ್ಡು

ಕರಡಿನಲ್ಲಿ 388 ವಿಧಿಗಳು. 2022ರ ಜುಲೈ 4ರಂದು ಹೊಸ ಅಧ್ಯಕ್ಷ ಗೇಬ್ರಿಯಲ್ ಬೋರಿಕ್ ಅವರ ಕೈಗೆ ಒಪ್ಪಿಸಿದರು. ಪುಸ್ತಕ ಮಾಡಿ ಬೀದಿ ಬದಿಯಲ್ಲೂ ಇಟ್ಟು ಮಾರಿದರು, ಜನ ಕೊಂಡರು. ನೀರು ಯಾರ ಸ್ವಂತ ಸೊತ್ತೂ ಅಲ್ಲ, ಮನೆ ಆರೋಗ್ಯ ಶಿಕ್ಷಣ ಹಕ್ಕು, ಸರ್ಕಾರದ ಎಲ್ಲ ಮಂಡಳಿಗಳಲ್ಲೂ ಅರ್ಧ ಹೆಂಗಸರು, ಗರ್ಭಪಾತದ ಹಕ್ಕು, ಪ್ರಕೃತಿಗೂ ಹಕ್ಕು, ಹಲವು ಜನಾಂಗಗಳ ರಾಷ್ಟ್ರ ಎಂಬ ಹೆಸರು, ಸೆನೆಟ್ ರದ್ದು… ಮತ್ತು 49ನೆಯ ವಿಧಿಯಲ್ಲಿ ನಮ್ಮ ಮನೆಗೆಲಸ. 2015ರಲ್ಲಿ ಮಾಡಿದ ಸಮೀಕ್ಷೆಯಂತೆ ಅಲ್ಲಿಯ ಹೆಂಗಸರು ಕೂಲಿಯಿಲ್ಲದ ಮನೆಗೆಲಸಕ್ಕೆ ದಿನಕ್ಕೆ ಸುಮಾರು ಆರು ಗಂಟೆ ಕೊಡುತ್ತಾರೆ, ಗಂಡಸರು ಮೂರಕ್ಕೂ ಕಡಿಮೆ. ನಮ್ಮ ಸರ್ಕಾರ 2019ರಲ್ಲಿ ಮಾಡಿದ ಸಮೀಕ್ಷೆಯಲ್ಲಿ ಮನೆಗೆಲಸ ಮಾಡುವ ಹೆಂಗಸರಿಗೆ ಅದು ದಿನಕ್ಕೆ 299 ನಿಮಿಷ, ಗಂಡಸರಿಗೆ 97. (ನಮ್ಮವರಿಗೆ ಓದಿ ಹೇಳಿದೆ. 97 ಯಾರು ಮಾಡ್ತಾರೆ ಎಂದು ಅವರಿಗೇ ಆಶ್ಚರ್ಯ.)

ಹಾಗಾದರೆ ಯಾಕೆ ಬೇಡವಾಯಿತು?

ಸಾಮಾನ್ಯ ಜನರೂ 15,000 ಸಹಿ ಕೂಡಿಸಿ ಸಭೆಗೆ ಒಂದು ಸಲಹೆ ಕಳಿಸಬಹುದು ಎಂಬ ಒಳ್ಳೆಯ ಏರ್ಪಾಡು ಇತ್ತು. ಎಲ್ಲಕ್ಕಿಂತ ಹೆಚ್ಚು ಸಹಿ, 60,000ಕ್ಕೂ ಮೀರಿ, ಬಿದ್ದದ್ದು ಯಾವುದಕ್ಕೆ ಎಂದುಕೊಂಡಿರಿ? ನೀರಿಗಲ್ಲ, ಶಾಲೆಗಲ್ಲ. ‘ನನ್ನ ದುಡ್ಡು ಮುಟ್ಟಬೇಡಿ’ ಎಂಬುದಕ್ಕೆ. ನಮ್ಮ ಪಿಂಚಣಿ ಖಾತೆಯಲ್ಲಿರುವ ಹಣ ನಮ್ಮದೇ ಆಗಿರಬೇಕು, ನಾವು ಸತ್ತರೆ ಮಕ್ಕಳಿಗೆ ಹೋಗಬೇಕು ಎಂದು. ಅದೇ ಎ.ಎಫ್.ಪಿ.ಯ ವಿರುದ್ಧ ಬೀದಿಗಿಳಿದಿದ್ದ ದೇಶವೇ ಇದು! ನಡುವೆ ಕೊರೋನಾ ಬಂದಿತ್ತು ನೋಡಿ. 2020 ಮತ್ತು 2021ರಲ್ಲಿ ಮೂರು ಸಲ, ಸಲಕ್ಕೆ ನೂರಕ್ಕೆ ಹತ್ತರಂತೆ, ಆ ಖಾತೆಯಿಂದ ಹಣ ತೆಗೆದುಕೊಳ್ಳಲು ಬಿಟ್ಟಿದ್ದರು. ಆಗ ಆ ದುಡ್ಡು ಮೊದಲ ಸಲ ಕೈಗೆ ಬಂತು, ಮನೆ ಉಳಿಸಿತು. ಕೈಯಲ್ಲಿ ಹಿಡಿದು ನೋಡಿದ ದುಡ್ಡಿನ ಮೇಲೆ ಮಮತೆಯೇ ಬೇರೆ. ಸಭೆ ಆ ಸಲಹೆಯನ್ನು ತಳ್ಳಿಹಾಕಿತು.

ನಮ್ಮಲ್ಲಿ ಸಾಸಿವೆ ಡಬ್ಬಿಯಲ್ಲಿ ನಾಲ್ಕು ಕಾಸು ಇಡದ ಗೃಹಿಣಿ ಇದ್ದಾಳೆಯೇ? ಬಡ್ಡಿಯಿಲ್ಲ, ದೊಡ್ಡ ಮೊತ್ತವೂ ಅಲ್ಲ. ಆದರೆ ಮನೆಯ ಹಿರಿಯರು, “ಎಲ್ಲರ ಡಬ್ಬಿಯನ್ನೂ ಸೇರಿಸಿ ಎಲ್ಲರಿಗೂ ಒಳ್ಳೆಯದಾಗುವ ಏರ್ಪಾಡು ಮಾಡೋಣ” ಎಂದರೆ ನಾವು ತಕ್ಷಣ ಡಬ್ಬಿಯ ಮೇಲೆ ಕೈ ಇಡುತ್ತೇವೆ. ಹಿರಿಯರು ಕೆಟ್ಟವರೆಂದಲ್ಲ. ಇದ್ದದ್ದೂ ಹೋದರೆ ಎಂಬ ಅಂಜಿಕೆ.

ಮನೆಯ ವಿಷಯದಲ್ಲೂ ಅದೇ. ಕರಡಿನಲ್ಲಿ ಆಸ್ತಿ ಹಕ್ಕು ಇತ್ತು. ಗೌರವದಿಂದ ಬಾಳಲು ವಸತಿ ಹಕ್ಕು ಎಂದೂ ಇತ್ತು. ‘ಸ್ವಂತ ಮನೆ’ ಎಂಬ ಮಾತು ಮಾತ್ರ ಇರಲಿಲ್ಲ. ಅಷ್ಟು ಸಾಕಾಯಿತು. ಮನೆ ಕಿತ್ತುಕೊಳ್ಳುತ್ತಾರಂತೆ, ಪಿಂಚಣಿ ಮಕ್ಕಳಿಗೆ ಬರುವುದಿಲ್ಲವಂತೆ ಎಂದು ಸುಳ್ಳು ಸುದ್ದಿಗಳು ಫೋನಿನಿಂದ ಫೋನಿಗೆ ಹಾರಿದವು. ಸುಳ್ಳಿನಿಂದಲೇ ಸೋತರು ಎಂದು ಕರಡಿನ ಪರವಾಗಿದ್ದವರು ಆಮೇಲೆ ಹೇಳಿದರು. ಪೂರ್ತಿ ಒಪ್ಪಲು ನನಗೆ ಮನಸ್ಸು ಬರುವುದಿಲ್ಲ. ಇಪ್ಪತ್ತು ವರ್ಷ ಕಂತು ಕಟ್ಟಿ ಮನೆ ಮಾಡಿಕೊಂಡವಳಿಗೆ ಬೇಕಾದದ್ದು ಒಂದೇ ಒಂದು ಮಾತು, ‘ನಿನ್ನ ಮನೆ ನಿನ್ನದು’ ಎಂದು. 388 ವಿಧಿಗಳಲ್ಲಿ ಅದಕ್ಕೊಂದು ಸಾಲು ಜಾಗ ಮಾಡಬಹುದಿತ್ತು.

2022ರ ಸೆಪ್ಟೆಂಬರ್ 4ರಂದು ಮತದಾನ. ಈ ಸಲ ಎಲ್ಲರೂ ಓಟು ಹಾಕಲೇಬೇಕೆಂದು ಕಡ್ಡಾಯ ಮಾಡಿದ್ದರು. ಹಿಂದೆ ಮನೆಯಲ್ಲೇ ಉಳಿದಿದ್ದ ಆ ಅರ್ಧ ಜನ ಈಗ ಬಂದರು. ಅವರಲ್ಲಿ ಎಷ್ಟು ಜನ ಮೆರವಣಿಗೆಗೆ ಹೋಗಿದ್ದವರೋ, ಎಷ್ಟು ಜನ ಬರೀ ಕಿಟಕಿಯಿಂದ ಕೇಳಿದವರೋ. ಸುಮಾರು 79 ಲಕ್ಷ ಮಂದಿ ‘ಬೇಡ’ ಎಂದರು, ‘ಬೇಕು’ ಎಂದವರು 48 ಲಕ್ಷಕ್ಕೂ ಹೆಚ್ಚು. ನೂರಕ್ಕೆ 62 ಬೇಡ. 16 ಪ್ರಾಂತಗಳಲ್ಲಿ ಒಂದೂ ಬೇಕು ಎನ್ನಲಿಲ್ಲ. ಮಪೂಚೆ ಜನ ಹೆಚ್ಚಾಗಿರುವ ಪ್ರಾಂತದಲ್ಲೂ ಬೇಡ. ಟ್ಯಾಂಕರ್ ನೀರು ಕುಡಿದ ಪೆಟೋರ್ಕಾದಲ್ಲೂ ಬೇಡ! ಇದನ್ನು ಮಗಳು ಓದಿದಾಗ ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನೆ ಕೂತೆವು.

ಬಲಗಡೆಯವರ ಸರದಿ

ಗೆದ್ದವರೂ ಪಾಠ ಕಲಿಯಲಿಲ್ಲ. ಮತ್ತೊಮ್ಮೆ ಬರೆಯೋಣವೆಂದು, ಮೊದಲು 24 ತಜ್ಞರ ಕೈಯಲ್ಲಿ ಕರಡು ಮಾಡಿಸಿ, ಆಮೇಲೆ 51 ಜನರ ಮಂಡಳಿಗೆ 2023ರ ಮೇ 7ರಂದು ಚುನಾವಣೆ ನಡೆಸಿದರು. ಈ ಸಲ ಹೊಸೆ ಅಂತೋನಿಯೊ ಕಾಸ್ಟ್ ಅವರ ಬಲಪಂಥೀಯ ಪಕ್ಷಕ್ಕೇ 23 ಸ್ಥಾನ. ತಜ್ಞರು ಅಳೆದು ತೂಗಿ ಮಾಡಿದ್ದನ್ನು ಇವರು ತಮ್ಮ ರುಚಿಗೆ ತಕ್ಕಂತೆ ಖಾರ ಮಾಡಿದರು. ಸ್ವಂತ ವಾಸದ ಮನೆಗೆ ತೆರಿಗೆ ಇಲ್ಲ ಎಂದು ಸೇರಿಸಿದರು. ಹುಟ್ಟಲಿರುವ ಮಗುವಿನ ಬಗ್ಗೆ ಇದ್ದ ವಾಕ್ಯದಲ್ಲಿ ಒಂದು ಪದ ಬದಲಾಯಿಸಿದರು. ಅದರಿಂದ, ಬಲಾತ್ಕಾರವಾದಾಗ ಅಥವಾ ತಾಯಿಯ ಜೀವಕ್ಕೆ ಅಪಾಯವಿದ್ದಾಗ ಗರ್ಭಪಾತಕ್ಕೆ 2017ರಲ್ಲಿ ಸಿಕ್ಕಿದ್ದ ಅವಕಾಶಕ್ಕೂ ಕುತ್ತು ಬರುತ್ತದೆಂದು ಮಹಿಳಾ ಸಂಘಟನೆಗಳು ಎದ್ದು ನಿಂತವು. 2023ರ ಡಿಸೆಂಬರ್ 17ರಂದು ಅದನ್ನೂ ನೂರಕ್ಕೆ 56ರಷ್ಟು ಮಂದಿ ಬೇಡವೆಂದರು.

ನಾಲ್ಕು ವರ್ಷ, ಎರಡು ಸಂವಿಧಾನ, ಎರಡೂ ಬುಟ್ಟಿಗೆ. ಉಳಿದದ್ದು ಯಾವುದನ್ನು ತೊಲಗಿಸಬೇಕೆಂದು ನೂರಕ್ಕೆ 78 ಜನ ಹೇಳಿದ್ದರೋ ಅದೇ 1980ರ ಹಳೆಯದು. ಅದರ ಬೀಗ ಮಾತ್ರ ಸ್ವಲ್ಪ ಸಡಿಲವಾಗಿದೆ. 2022ರ ಆಗಸ್ಟಿನಲ್ಲಿ, ಏಳರಲ್ಲಿ ನಾಲ್ಕು ಪಾಲು ಬೆಂಬಲವಿದ್ದರೆ ಅದನ್ನು ತಿದ್ದಬಹುದೆಂದು ಸಂಸತ್ತು ಇಳಿಸಿತು.

ಹೊಸ ಸಂವಿಧಾನ ಬರದಿದ್ದರೂ ಕೆಲವು ಸಂಗತಿಗಳು ಹಿಂಬಾಗಿಲಿನಿಂದ ಬಂದವು. 2022ರ ಏಪ್ರಿಲ್‌ನಲ್ಲಿ ಜಲ ಕಾಯ್ದೆ ತಿದ್ದಿ ಕುಡಿಯುವ ನೀರಿಗೆ ಮೊದಲ ಪ್ರಾಶಸ್ತ್ಯ ಎಂದರು. 2025ರಲ್ಲಿ ಪಿಂಚಣಿಯ ಹೊಸ ಕಾನೂನು ಬಂತು. ಅದರ ಪ್ರಕಾರ ಕೆಲಸ ಕೊಡುವವರೂ ಪಾಲು ಹಾಕಬೇಕು, ಹೆಂಗಸರು ಹೆಚ್ಚು ಕಾಲ ಬದುಕುತ್ತಾರೆಂದು ಪಿಂಚಣಿ ಕಡಿಮೆಯಾಗುವುದಕ್ಕೆ ಪರಿಹಾರ ಸೇರಿಸಿಕೊಡಬೇಕು. ಜನ ತಮ್ಮ ಖಾತೆಯಲ್ಲಿ ಉಳಿಸಿದ್ದನ್ನು ಮುಟ್ಟಲಿಲ್ಲ. ಇನ್ನು ಫಾಬಿಯೋಲಾ ಕಂಪಿಯಾಯ್. ಯಾವ ಪಕ್ಷವನ್ನೂ ಸೇರದೆ 2021ರಲ್ಲಿ ಸೆನೆಟ್ಟಿಗೆ ನಿಂತಳು. ರಾಜಧಾನಿಯ ಪ್ರಾಂತದಲ್ಲಿ ಎಲ್ಲರಿಗಿಂತ ಹೆಚ್ಚು ಮತ ಅವಳಿಗೇ ಬಿತ್ತು. ಅವಳ ಮುಖಕ್ಕೆ ಹೊಡೆದ ಪೊಲೀಸನಿಗೆ 2022ರಲ್ಲಿ 12 ವರ್ಷದ ಶಿಕ್ಷೆಯಾಯಿತು.

49ನೆಯ ವಿಧಿ ಮಾತ್ರ ಕರಡಿನ ಜೊತೆಗೇ ಹೋಯಿತು. ಮನೆಗೆಲಸ ಕೆಲಸವಲ್ಲ ಎಂದು ಯಾರೂ ಅದರ ವಿರುದ್ಧ ಮತ ಹಾಕಿದ್ದಲ್ಲ. 388ರಲ್ಲಿ ಒಂದಾಗಿತ್ತು. ಒಂದೇ ಚೀಟಿಯಲ್ಲಿ ಎಲ್ಲಕ್ಕೂ ಸೇರಿಸಿ ಒಂದೇ ಉತ್ತರ ಕೊಡಬೇಕಾಗಿತ್ತು.

“ನೀನಾಗಿದ್ದರೆ ಯಾವುದಕ್ಕೆ ಹಾಕ್ತಿದ್ದೆ ಅಮ್ಮಾ?” ಎಂದು ಮಗಳು ಕೇಳಿದಳು. ನಾನು ಬಹಳ ಹೊತ್ತು ಉತ್ತರ ಕೊಡಲಿಲ್ಲ. 49ನೆಯ ವಿಧಿ ಬಿಡಲು ಮನಸ್ಸಿಲ್ಲ. ಮನೆಯ ಕಂತು ಇನ್ನೂ ಆರು ವರ್ಷ ಇದೆ. ಮಂಚದ ಮೇಲೆ ಮಲಗಿದ್ದ ಅತ್ತೆಯವರು ನಿದ್ದೆ ಹೋಗಿದ್ದಾರೆ ಎಂದುಕೊಂಡಿದ್ದೆವು. ಅಲ್ಲಿಂದಲೇ, “ಆ ನೀರಿಲ್ಲದ ಊರಿಗೆ ಕಾಯ್ದೆ ಬಂತು ಅಂದ್ಯಲ್ಲ, ನಲ್ಲೀಲಿ ನೀರು ಬಂತೇನೇ?” ಎಂದು ಕೇಳಿದರು. ಮಗಳು ಪುಸ್ತಕದಲ್ಲಿ ಹುಡುಕತೊಡಗಿದಳು.

ನಾಳೆ ಮತ್ತೆ ಬ್ಯಾಂಕಿಗೆ ಹೋಗಬೇಕು. ಅರ್ಜಿಯಲ್ಲಿ ಎಲ್ಲೋ ಒಂದು ಸಹಿ ಬಿಟ್ಟುಹೋಗಿದೆಯಂತೆ.